ಹೆಪ್ಪು ಕೇಳಲು ಬಂದ ನಾಯಕಿ

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಪುತ್ತೂರಿನ ಮನೆಯಲ್ಲಿ ಬೆಳಗಾದರೆ ಏನು ಮಾಡುವುದೆಂದು ತಿಳಿಯದೆ, ಕಪಾಟಿನ ಬಟ್ಟೆಗಳನ್ನು ತೆಗೆದು ಮಡಚಿ ಪುನಃ ಅಲ್ಲೇ ಇಡುತ್ತಿದ್ದ ದಿನಗಳಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳ ಫೋನು ಬಂತು. ಅವಳೀಗ ಟಿವಿ ಧಾರಾವಾಹಿಯೊಂದರ ಸಹಾಯಕ ನಿರ್ದೇಶಕಿ.

"ಟೀಚರ್, ನಿಮಗೆ ಈಗ ಎಂತಾದ್ರೂ ಕೆಲ್ಸ ಉಂಟಾ?"

"ಎಂತದೂ ಇಲ್ಲ."

"ಹಾಗಾದ್ರೆ ಮಂಡೆಕೋಲಿಗೆ ಬನ್ನಿ. ಒಬ್ರಿಗೆ ನಮ್ಮ ಕನ್ನಡ ಕಲಿಸ್ಲಿಕ್ಕೆ ಉಂಟು."

ಯಾರಿಗೆಂದು ಕೇಳಿದೆ. ಅವಳು ಹೆಸರು ಹೇಳಿದಳು. ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿಸಿದೆ. ನನ್ನ ತಾಯಿಯ ಕಾಲದ ನಾಯಕಿ. ಕಪ್ಪುಬಿಳುಪು ಚಿತ್ರಗಳಲ್ಲಿ ಅವರ ಕಣ್ಣು ತುಂಬಿತೆಂದರೆ ಟಾಕೀಸಿನ ಹೆಂಗಸರ ಕಡೆಯ ಬೆಂಚುಗಳೆಲ್ಲ ಮೂಗೊರೆಸಿಕೊಳ್ಳುತ್ತಿದ್ದವು. ತಾಯಿ ನನ್ನನ್ನು ತನ್ನ ಬುರ್ಖಾದೊಳಗೆ ಸೇರಿಸಿಕೊಂಡು ಅವರ ಚಿತ್ರಗಳಿಗೆ ಹೋಗುತ್ತಿದ್ದದ್ದು ತಂದೆಗೆ ಗೊತ್ತಿತ್ತೋ ಇಲ್ಲವೋ, ನನಗೆ ಇಂದಿಗೂ ತಿಳಿಯದು. ಆ ನಟಿ ಬಣ್ಣ ಹಚ್ಚುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು. ತೀರಿಕೊಂಡಿರಬೇಕೆಂದೇ ನಾನು ಅಂದುಕೊಂಡಿದ್ದೆ.

ಧಾರಾವಾಹಿ ಎರಡನೇ ಮಹಾಯುದ್ಧದ ಕಾಲದ್ದು. ನಮ್ಮ ಕಡೆಯ ಒಂದು ಮನೆಯ ಮಗ ಮಲಯಾದ ರಬ್ಬರ್ ತೋಟಕ್ಕೆ ಗುಮಾಸ್ತನಾಗಿ ಹೋಗುತ್ತಾನೆ. ಜಪಾನಿನ ಸೈನ್ಯ ಬಂದು ಆ ದೇಶವನ್ನು ಹಿಡಿಯುತ್ತದೆ. ಇಲ್ಲಿ ಮನೆಯವರು ಸುದ್ದಿಯಿಲ್ಲದೆ ಕಾಯುತ್ತಾರೆ. ಮಲಯಾದ ಭಾಗವನ್ನೆಲ್ಲ ಕಡಬದ ಕಡೆಯ ರಬ್ಬರ್ ತೋಟಗಳಲ್ಲಿ ಚಿತ್ರೀಕರಿಸಿ ಮುಗಿಸಿದ್ದರು. ಊರಿನ ಮನೆಗೆಂದು ಮಂಡೆಕೋಲಿನಲ್ಲಿ ಒಂದು ಹಂಚಿನ ಮನೆ ಗೊತ್ತುಮಾಡಿದ್ದರು. ನಟಿಯದು ಅತಿಥಿ ಪಾತ್ರ, ಒಂದೇ ಕಂತಿನಲ್ಲಿ ಬಂದುಹೋಗುವ ಹೆಂಗಸು. ಅದೇ ತೋಟಕ್ಕೆ ಹೋದ ಇನ್ನೊಬ್ಬನ ತಾಯಿ. ಪಕ್ಕದೂರಿನಿಂದ ನಡೆದು ಬಂದು ತನ್ನ ಮಗನ ಸುದ್ದಿಯೇನಾದರೂ ಇದೆಯೇ ಎಂದು ಕೇಳಿ, ಇಲ್ಲವೆಂದು ತಿಳಿದು ಜಗಲಿಯಲ್ಲಿ ಕುಸಿದು ಅಳಬೇಕು. ಅಷ್ಟೇ.

ಪುತ್ತೂರಿನಿಂದ ಬಸ್ಸಿನಲ್ಲಿ ಹೋಗಿ ಜಾಲ್ಸೂರಿನಲ್ಲಿ ಇಳಿದೆ. ಯೂನಿಟ್ಟಿನ ಜೀಪು ಬರುವುದು ತಡವಾಯಿತು. ಜಾಲ್ಸೂರು ನಾನು ಮದುವೆಯಾಗಿ ಬಂದ ಊರು. ಕಾಸರಗೋಡಿನ ಬಸ್ಸುಗಳು ತಿರುಗುವ ಆ ಜಾಗದಲ್ಲಿ ನಿಲ್ಲುವುದು ನನಗೆ ಈಗಲೂ ಹಿತವಲ್ಲ. ಜೀಪು ಬರುವ ದಿಕ್ಕಿಗೆ ನಡೆದೇಬಿಟ್ಟೆ. ಡ್ರೈವರ್ ನನ್ನನ್ನು ನಡುದಾರಿಯಲ್ಲಿ ಹತ್ತಿಸಿಕೊಂಡ.

ನಟಿ ಹಲಸಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಮೈಯಲ್ಲಿ ಮೂಳೆಯೇ ಹೆಚ್ಚು. ಕಣ್ಣು ಮಾತ್ರ ಅದೇ. ಮಂಡಿಗಳೆರಡೂ ಆಪರೇಷನ್ ಆಗಿವೆ, ಹೆಚ್ಚು ಹೊತ್ತು ನಿಲ್ಲಿಸಬಾರದೆಂದು ಡಾಕ್ಟರು ಹೇಳಿದ್ದಾರೆಂದು ವಿದ್ಯಾರ್ಥಿನಿ ಮೊದಲೇ ಪಿಸುಗುಟ್ಟಿದ್ದಳು.

"ಬನ್ನಿ ಮೇಡಂ, ಪಾಠ ಶುರು ಮಾಡಿ," ಎಂದರು. "'ನನ್ನ ಮಗನ ಸುದ್ದಿ ಏನಾದರೂ ಇದೆಯಾ?' ಇದನ್ನ ನಿಮ್ಮೂರಲ್ಲಿ ಹೇಗೆ ಹೇಳ್ತಾರೆ?"

"'ನನ್ನ ಮಗಂದು ಸುದ್ದಿ ಎಂತಾದ್ರೂ ಉಂಟಾ?'"

"ಉಂಟಾ ಅನ್ನೋದು ಪುಸ್ತಕದ ಮಾತಿನ ಥರ ಇದೆಯಲ್ಲ. ಹಳ್ಳಿ ಹೆಂಗಸು ಹೀಗೆ ಮಾತಾಡ್ತಾಳಾ?"

"ನಮ್ಮಲ್ಲಿ ಮೀನು ಮಾರುವವರೂ ಹಾಗೇ ಹೇಳುದು."

ಅವರು ನಕ್ಕರು. ಬೇಗ ಕಲಿತರು. ಆದರೆ ಮಾತಿನ ಭರದಲ್ಲಿ 'ಇದೆ' ನುಸುಳಿಬಿಡುತ್ತಿತ್ತು. ನಾನು ತಿದ್ದುತ್ತಿದ್ದೆ, ಅವರು ಶಾಲೆಯ ಹುಡುಗಿಯಂತೆ ತಲೆಯಾಡಿಸಿ ಮತ್ತೆ ಹೇಳುತ್ತಿದ್ದರು.

ಪಾಠ ಮುಗಿಯಿತು. ಶೂಟಿಂಗ್ ಮಾತ್ರ ಶುರುವಾಗಲಿಲ್ಲ. ಜನರೇಟರು ಕೈಕೊಟ್ಟಿತ್ತು, ಸುಳ್ಯದಿಂದ ಮೆಕ್ಯಾನಿಕ್ ಬರಬೇಕು. ಬಿಸಿಲು ಏರುತ್ತ ಹೋಯಿತು. ಯಾರೋ ಚಾ ತಂದರು, ಯಾರೋ ಇಸ್ಪೀಟು ತೆಗೆದರು. ಸಿನೆಮಾದವರಿಗೆ ಕಾಯುವುದೆಂದರೆ ಉಸಿರಾಡಿದ ಹಾಗೆ. ನನಗೆ ಆಗಲಿಲ್ಲ. ಮರದಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಗೇಟಿಗೆ ನಡೆದೆ. ಬಾವಿಯ ಹತ್ತಿರ ಯಾರೋ ಬಿಟ್ಟಿದ್ದ ಲೋಟಗಳನ್ನು ತೊಳೆದಿಟ್ಟೆ. ಗೇಟಿನ ಆಚೆ ಗಾಡಿಯ ಸದ್ದಾದರೆ ಹೋಗಿ ನೋಡಿ ಬಂದೆ.

"ನೀವು ಒಂದು ಗಳಿಗೆ ಕೂತದ್ದನ್ನ ನಾನು ನೋಡಲಿಲ್ಲ," ಎಂದರು ನಟಿ.

"ಕಾಯುದು ನನಗೆ ಆಗುದಿಲ್ಲ ಅಮ್ಮ."

"ಯಾರಿಗೂ ಆಗಲ್ಲ. ನಾನು ಸಂಬಳ ತಗೊಂಡಿದ್ದೇ ಕಾಯೋದಕ್ಕೆ. ಆಕ್ಟಿಂಗು ಬಿಟ್ಟಿ."

"ನನ್ನದು ಹಾಗಲ್ಲ. ಒಂದು ಸಲ ಕಾದು ಕಾದು ಹೀಗಾದದ್ದು."

"ಯಾವಾಗ?"

ಆ ಪ್ರಶ್ನೆಯನ್ನು ನನಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಅಪರಿಚಿತರಾದದ್ದರಿಂದಲೋ ಅಥವಾ ತಾಯಿಯ ಜೊತೆ ಕತ್ತಲಲ್ಲಿ ಅಷ್ಟು ಸಲ ನೋಡಿದ ಮುಖ ಅದಾದದ್ದರಿಂದಲೋ, ಹೇಳಿಬಿಟ್ಟೆ.

ನನಗೆ ಮದುವೆಯಾದ ಮರುವರ್ಷ ನಮ್ಮವರು ಕುವೈತಿನಲ್ಲಿದ್ದರು. ಅಲ್ಲಿಗೆ ಇರಾಕಿನ ಸೈನ್ಯ ನುಗ್ಗಿತು ಎಂದು ರೇಡಿಯೋದಲ್ಲಿ ಬಂದ ಬೆಳಗ್ಗೆಯಿಂದ ಅವರ ಸುದ್ದಿ ನಿಂತಿತು. ಫೋನಿಲ್ಲ, ಅಂಚೆಯಿಲ್ಲ. ಜಾಲ್ಸೂರಿನ ಮನೆಯಲ್ಲಿ ಅತ್ತೆ ಮತ್ತು ನಾನು. ಅತ್ತೆ ಚಾಪೆಯ ಮೇಲೆ ತಸ್ಬಿ ಮಣಿಸರ ಹಿಡಿದು ಕೂತವರು ಕೂತೇ ಇದ್ದರು. ನನಗೆ ಕೂರಲಾಗುತ್ತಿರಲಿಲ್ಲ. ಊಟವನ್ನೂ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಮಾಡುತ್ತಿದ್ದೆ. ಹಂಡೆ ತುಂಬಿದ ಮೇಲೂ ನೀರು ಸೇದಿ ತೆಂಗಿನ ಬುಡಕ್ಕೆ ಸುರಿಯುತ್ತಿದ್ದೆ. ಕಾಸರಗೋಡಿನ ಬಸ್ಸು ಬಂದಾಗಲೆಲ್ಲ ಅಂಗಡಿಗೆ ಹೋಗುವ ನೆವದಲ್ಲಿ ರಸ್ತೆಗೆ ಹೋಗಿ, ಇಳಿಯುವವರ ಮುಖ ನೋಡಿ ವಾಪಸು ಬರುತ್ತಿದ್ದೆ. ಆ ಕಡೆಯ ಮನೆಮನೆಯಿಂದ ಗಂಡಸರು ಗಲ್ಫಿಗೆ ಹೋದವರು, ಒಬ್ಬನಾದರೂ ಸುದ್ದಿ ತಂದಾನು ಎಂದು.

ರಸ್ತೆಯ ಆಚೆ ಒಂದು ತುಳು ಮಾತಾಡುವ ಮನೆಯಿತ್ತು. ಸುತ್ತಮುತ್ತ ಫೋನಿದ್ದದ್ದು ಅಲ್ಲಿ ಮಾತ್ರ. ಬೊಂಬಾಯಿಯ ನೆಂಟರಿಗೆ ಅದೇ ನಂಬರು ಕೊಟ್ಟಿದ್ದೆವು. ಸುದ್ದಿ ಬಂದರೆ ಆ ಮನೆಯ ಹೆಂಗಸು ಓಡಿಕೊಂಡು ಬಂದು ಹೇಳುವವರೇ. ಆದರೂ ನಾನು ಹೋಗುತ್ತಿದ್ದೆ. ಹೋಗಿ ಫೋನಿನ ವಿಷಯ ಒಮ್ಮೆಯೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ, ಅದರ ಭಯ.

"ಮತ್ತೆ ಹೋಗಿ ಏನು ಹೇಳ್ತಿದ್ರಿ?" ನಟಿ ಕೇಳಿದರು.

"ಹೆಪ್ಪು ಉಂಟಾ ಅಂತ ಕೇಳ್ತಿದ್ದೆ. ಮೊಸರಿಗೆ ಹಾಕ್ಲಿಕ್ಕೆ."

"ಅವರು?"

"ಲೋಟದಲ್ಲಿ ತಂದು ಕೊಡ್ತಿದ್ರು. ಕೊಡುವಾಗ ನನ್ನ ಮುಖ ನೋಡ್ತಿರಲಿಲ್ಲ. 'ಇವತ್ತು ಫೋನು ಎಂತದೂ ಬರ್ಲಿಲ್ಲ' ಅಂತ ಅಂಗಳಕ್ಕೆ ಹೇಳಿದ ಹಾಗೆ ಹೇಳಿ ಒಳಗೆ ಹೋಗ್ತಿದ್ರು."

ಅಷ್ಟರಲ್ಲಿ ಜನರೇಟರು ಸದ್ದು ಮಾಡಿತು, ಎಲ್ಲರೂ ಎದ್ದರು.

ಮೊದಲು ಬರೆದಿದ್ದ ಹಾಗೆಯೇ ತೆಗೆದರು. ಬಿಳಿ ಸೀರೆಯ ಮುದುಕಿ ಬಂದಳು, ಕೇಳಿದಳು, ಜಗಲಿಯಲ್ಲಿ ಕುಸಿದಳು, ಅತ್ತಳು. ನಿರ್ದೇಶಕ ಚಿಕ್ಕ ಪ್ರಾಯದವರು. ಅವರು ಬಂದು ನಟಿಯ ಕಾಲು ಮುಟ್ಟಿ ನಮಸ್ಕರಿಸಿದರು. ಮುಗಿಯಿತು ಎಂದುಕೊಂಡು ನಾನು ಚೀಲ ತೆಗೆದುಕೊಂಡೆ.

"ಇನ್ನೊಂದು ತೆಗೀರಿ," ಎಂದರು ನಟಿ. "ಇದು ನಿಮ್ಮದಾಯ್ತು. ನನ್ನದೊಂದು ಬೇರೆ ಇದೆ."

ನಿರ್ದೇಶಕರಿಗೆ ಇಷ್ಟವಿರಲಿಲ್ಲ. ಬಿಸಿಲು ಇಳಿಯುತ್ತಿದೆ ಎಂದರು. ನಟಿ ಮನೆಯ ಸೊಸೆಯ ಪಾತ್ರದ ಹುಡುಗಿಯನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ಆಮೇಲೆ ಗೇಟಿನವರೆಗೆ ಹೋಗಿ ಅಲ್ಲಿಂದ ನಡೆದು ಬಂದರು. ಜಗಲಿಯ ಹತ್ತಿರ ಬಂದು ಮೆಟ್ಟಿಲು ಹತ್ತಲಿಲ್ಲ, ಕಂಬ ಹಿಡಿಯಲಿಲ್ಲ. ಅಂಗಳದಲ್ಲೇ ನಿಂತರು. ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುತ್ತ, ಒಳಗೆ ನೋಡಿದರೂ ನೋಡದವರ ಹಾಗೆ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಡಿಸುತ್ತ.

"ಹೆಪ್ಪು ಇದೆಯಾ?" ಎಂದರು.

ಹುಡುಗಿ ಒಳಗಿನಿಂದ ಲೋಟ ತಂದು ಕೊಟ್ಟಳು. "ಇವತ್ತು ಟಪಾಲಿನವ ಬರ್ಲಿಲ್ಲ," ಎಂದಳು, ಅಂಗಳಕ್ಕೆ.

ಮುದುಕಿ ತಲೆಯಾಡಿಸಿದಳು. ಲೋಟ ಹಿಡಿದು ತಿರುಗಿ ನಡೆದಳು. ಗೇಟಿನ ಹತ್ತಿರ ಒಮ್ಮೆ ನಿಂತಳು, ಮತ್ತೆ ಹೋದಳು.

ಯಾರಿಗೂ ಹೇಳದೆ ಹೊರಗೆ ರಸ್ತೆಗೆ ಬಂದೆ. ಪಯಸ್ವಿನಿಯ ಕಡೆಗೆ ಇಳಿಯುವ ದಾರಿಯಲ್ಲಿ ಬೇಗಬೇಗ ನಡೆದೆ. ಬೇಲಿಯ ಎಲೆಗಳನ್ನು ಕಿತ್ತು ಹರಿದು ಬಿಸಾಡಿದೆ. ಗಂಡನಿಗೆ ಹೇಳದ್ದನ್ನು, ಮಕ್ಕಳಿಗೆ ಹೇಳದ್ದನ್ನು ಒಬ್ಬರ ಮುಂದೆ ಹೇಳಿದೆ. ಅವರು ಅದನ್ನು ಚಾ ಆರುವುದರೊಳಗೆ ಕ್ಯಾಮರಾದ ಮುಂದೆ ಇಟ್ಟರು. ವಿದ್ಯಾರ್ಥಿನಿ ಹಿಂದಿನಿಂದ ಓಡಿಬಂದಳು.

"ಟೀಚರ್, ಎಂತ ಆಯ್ತು? ಅವ್ರು ನಿಮ್ಮನ್ನು ಕರೀತಿದ್ದಾರೆ."

"ಕಾಯ್ಲಿ," ಎಂದೆ.

ಆದರೆ ನಿಲ್ಲಲಾಗದೆ ಹೋದೆ. ಒಳಕೋಣೆಯ ಮಂಚದಲ್ಲಿ ನಟಿ ಕಾಲು ಚಾಚಿ ಕೂತಿದ್ದರು. ಮಂಡಿಗಳ ಮೇಲೆ ಬಿಸಿನೀರಿನ ಚೀಲ. ಬಣ್ಣ ಅರ್ಧ ಒರೆಸಿದ ಮುಖ ತೀರ ದಣಿದಿತ್ತು.

"ಸಿಟ್ಟು ಬಂದಿದೆ ನಿಮಗೆ."

"ಹೌದು. ಒಂದು ಮಾತು ಕೇಳಬಹುದಿತ್ತು."

"ಕೇಳಬೇಕಿತ್ತು. ಕೇಳಿದ್ರೆ ನೀವು ಬೇಡ ಅಂತಿದ್ರಿ. ಅದಕ್ಕೇ ಕೇಳಲಿಲ್ಲ." ಚೀಲವನ್ನು ಸರಿಮಾಡಿಕೊಂಡು ಹೇಳಿದರು: "ಜೀವಮಾನ ಇಡೀ ಅತ್ತಿದ್ದೀನಿ ಮೇಡಂ. ತಾಯಿಯಾಗಿ, ಹೆಂಡತಿಯಾಗಿ, ವಿಧವೆಯಾಗಿ. ಅತ್ತ ಕೂಡಲೇ ನೋಡುವವರಿಗೆ ಹಗುರ ಆಗತ್ತೆ, ಎದ್ದು ಮನೆಗೆ ಹೋಗ್ತಾರೆ. ನೀವು ಹೇಳಿದ್ದು ಕೇಳಿ ನನಗೆ ಹಗುರ ಆಗಲಿಲ್ಲ. ಎರಡೂ ಶಾಟು ಇದೆ. ಬೇಡ ಅಂದ್ರೆ ಅಳೋದನ್ನೇ ಹಾಕಿಸ್ತೀನಿ. ನಿಮ್ಮಾಣೆ. ನಾನು ಹೊರಡೋ ಮೊದಲು ಹೇಳಿ."

ನಾನು ಹೊರಗೆ ಬಂದು ವಿದ್ಯಾರ್ಥಿನಿಗೆ ಎರಡನ್ನೂ ತೋರಿಸಲು ಹೇಳಿದೆ. ಸಣ್ಣ ಪರದೆಯ ಮುಂದೆ ಅವಳು ನನಗೆ ಕುರ್ಚಿ ಕೊಟ್ಟಳು, ನಾನು ಅದರ ಬೆನ್ನು ಹಿಡಿದು ನಿಂತೆ. ಅಳುವ ಶಾಟು ನೋಡಿ ನಾನೂ ಮೂಗೊರೆಸಿಕೊಂಡೆ. ಎರಡನೆಯದರಲ್ಲಿ ಹಾಗಾಗಲಿಲ್ಲ. ಅಲ್ಲಿ ಕ್ಯಾಮರಾ ಜಗಲಿಯಲ್ಲಿತ್ತು, ಮನೆಯವರು ನಿಲ್ಲುವ ಕಡೆ. ಅಂಗಳದಲ್ಲಿ ಕಾಲು ಬದಲಿಸುತ್ತ ನಿಂತವಳು ಅಲ್ಲಿಂದ ಹೇಗೆ ಕಾಣುತ್ತಾಳೆಂದು ಅಂದೇ ನೋಡಿದ್ದು. ಹೆಪ್ಪಿಗಾಗಿ ಬಂದವಳಲ್ಲ ಎಂದು ಕುರುಡನಿಗೂ ಗೊತ್ತಾಗುವಂತಿತ್ತು. ರಸ್ತೆಯಾಚೆಯ ಆ ಹೆಂಗಸಿನ ಮುಂದೆ ನಾನು ನನ್ನ ಗುಟ್ಟನ್ನು ಎಷ್ಟು ಚೆನ್ನಾಗಿ ಮುಚ್ಚಿಟ್ಟುಕೊಂಡಿದ್ದೆನೆಂದು ಇಷ್ಟು ವರ್ಷ ನಂಬಿದ್ದೆ. ಅವರು ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಒಂದು ದಿನವೂ ಅವರಿಗೆ ಕೃತಜ್ಞತೆಯ ಒಂದು ಮಾತು ಹೇಳಿದವಳಲ್ಲ, ಹೇಳಬೇಕೆಂದು ಹೊಳೆದದ್ದೂ ಇಲ್ಲ.

ಕೋಣೆಗೆ ಹೋದೆ.

"ಇದನ್ನೇ ಹಾಕಿ," ಎಂದೆ. "ಆದ್ರೆ ನೀವು 'ಹೆಪ್ಪು ಇದೆಯಾ' ಅಂದಿದ್ದೀರಿ."

ಅವರು ನನ್ನನ್ನೇ ನೋಡಿದರು. ಆಮೇಲೆ ಚೀಲವನ್ನು ಮಂಡಿಯಿಂದ ತೆಗೆದಿಟ್ಟು ನಿರ್ದೇಶಕರನ್ನು ಕೂಗಿದರು. ಡಬ್ಬಿಂಗಿನಲ್ಲಿ ಸರಿಮಾಡಬಹುದು ಎಂದು ನಿರ್ದೇಶಕರು ಎಷ್ಟು ಹೇಳಿದರೂ ನಟಿ ಕೇಳಲಿಲ್ಲ. "ತುಟಿ ಒಂದು ಹೇಳಿ ದನಿ ಇನ್ನೊಂದು ಹೇಳಿದ್ರೆ ಈ ಮೇಡಂ ನನ್ನನ್ನ ಫೇಲು ಮಾಡ್ತಾರೆ," ಎಂದರು. ಹೊರಗೆ ಬರುವಾಗ ನನ್ನ ಭುಜ ಹಿಡಿದುಕೊಂಡರು. ಹಿಡಿತ ಬಿಗಿಯಾಗಿತ್ತು, ಮಂಡಿ ನೋಯುತ್ತಿತ್ತು ಅವರಿಗೆ. ಇಳಿಬಿಸಿಲಿನಲ್ಲಿ ಮತ್ತೆ ಗೇಟಿನಿಂದ ನಡೆದು ಬಂದರು. ಈ ಸಲ ಸರಿಯಾಗಿ ಕೇಳಿದರು. ತೆಗೆದದ್ದು ಸಾಕು ಎಂದ ಮೇಲೆ ಇಬ್ಬರು ಹಿಡಿದುಕೊಂಡು ಅವರನ್ನು ಕಾರಿನಲ್ಲಿ ಕೂರಿಸಬೇಕಾಯಿತು. ಕಿಟಕಿಯಿಂದ ನನಗೆ ಕೈಮುಗಿದರು, ನಾನೂ ಮುಗಿದೆ. ಆಮೇಲೆ ಅವರು ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ.

ಆ ಕಂತು ಬರುವ ದಿನ ಗೊತ್ತಾದಾಗಿನಿಂದ ನನಗೆ ಯಾವ ಕೆಲಸವೂ ಹಿಡಿಸಲಿಲ್ಲ. ನಮ್ಮವರಿಗೆ ಹೇಳಿರಲಿಲ್ಲ. ನಟಿಗೆ ಮಾತು ಕಲಿಸಲು ಹೋಗಿದ್ದೆನೆಂದಷ್ಟೇ ಅವರಿಗೆ ಗೊತ್ತು. ಅದನ್ನೇ ದೊಡ್ಡದು ಮಾಡಿ ಪೇಟೆಯ ಗೆಳೆಯರಿಗೆಲ್ಲ ಹೇಳಿದ್ದರು. ಸಂಜೆ ಟಿವಿಯ ಮುಂದೆ ಕೂತರು. ನಾನು ಅಡುಗೆಮನೆಗೂ ಹಾಲಿಗೂ ಓಡಾಡುತ್ತಿದ್ದೆ.

ನಮ್ಮವರು ಕುವೈತಿನಿಂದ ಬಂದ ಕತೆ ನಮ್ಮ ಬಳಗದಲ್ಲಿ ಎಲ್ಲರಿಗೂ ಬಾಯಿಪಾಠ. ಬಸ್ಸಿನಲ್ಲಿ ಮರುಭೂಮಿ ದಾಟಿದ್ದು, ಜೋರ್ಡಾನಿನ ಡೇರೆಯಲ್ಲಿ ನೀರಿಗೆ ಸಾಲು ನಿಂತದ್ದು, ವಿಮಾನದಲ್ಲಿ ಬೊಂಬಾಯಿಗೆ ಇಳಿದು, ಯಾರಿಗೂ ಫೋನು ಮಾಡದೆ ನೇರ ಊರಿನ ಬಸ್ಸು ಹತ್ತಿದ್ದು. ಚೆನ್ನಾಗಿ ಹೇಳುತ್ತಾರೆ. ಕೊನೆಗೆ ಪುತ್ತೂರಿನ ಬಸ್ಸಿಳಿದು ಜಾಲ್ಸೂರಿನ ಮನೆಗೆ ಬಂದರೆ ಒಳಗೆ ತಾಯಿ ಮಾತ್ರ. "ಇವಳೆಲ್ಲಿ ಅಂತ ಕೇಳಿದ್ರೆ, ಹೆಪ್ಪು ತರ್ಲಿಕ್ಕೆ ಹೋಗಿದ್ದಾಳೆ ಅಂದ್ರು ಮಾರಾಯ್ರೆ. ಗಂಡ ಯುದ್ಧದಿಂದ ಬರುವಾಗ ಹೆಂಡ್ತಿಗೆ ಮೊಸರಿನ ಚಿಂತೆ." ಬಂದವರೆಲ್ಲ ನಗುತ್ತಾರೆ. ನಾನೂ ಚಾ ಕೊಡುತ್ತ ನಗುತ್ತಿದ್ದೆ.

ಪರದೆಯ ಮೇಲೆ ಮುದುಕಿ ಅಂಗಳಕ್ಕೆ ಬಂದಳು. ಹೆಪ್ಪು ಉಂಟಾ ಎಂದು ಕೇಳಿದಳು. ಸೊಸೆ ಅಂಗಳಕ್ಕೆ ಹೇಳಿದ ಮಾತೂ ಬಂತು. ನಾನು ಬಾಗಿಲಲ್ಲಿ ನಿಂತು ನಮ್ಮವರ ತಲೆಯ ಹಿಂಭಾಗವನ್ನು ನೋಡುತ್ತಿದ್ದೆ. ಅದು ಅಲುಗಲಿಲ್ಲ. ಕಂತು ಮುಗಿದು ಜಾಹೀರಾತು ಬಂದರೂ ಅಲುಗಲಿಲ್ಲ. ಊಟಕ್ಕೆ ಕೂತಾಗ ಸಾರು ಚೆನ್ನಾಗಿದೆ ಎಂದರು, ಅಷ್ಟೇ.

ಮರುದಿನ ಬೆಳಗ್ಗೆ ಚಾ ಕುಡಿಯುವಾಗ ಕೇಳಿದರು. ನಾವು ಮನೆಯಲ್ಲಿ ಮಾತಾಡುವುದು ಬ್ಯಾರಿ ಭಾಷೆ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಆ ದಿನ ನೀನು ಹೆಪ್ಪಿಗೆ ಹೋದದ್ದಲ್ಲ."

"ಅಲ್ಲ."

"ಮನೆಯಲ್ಲಿ ಮೊಸರು ಇತ್ತಾ?"

"ಗಡಿಗೆ ತುಂಬ ಇತ್ತು."

ಅವರು ಲೋಟವನ್ನು ತಿರುಗಿಸುತ್ತ ಕೂತರು. "ಮತ್ತೆ ನಾನು ಅಷ್ಟು ಸಲ ಹೇಳಿ ಜನರನ್ನು ನಗಿಸುವಾಗ ನೀನ್ಯಾಕೆ ಸುಮ್ಮನಿದ್ದೆ?"

"ನೀವು ಮರುಭೂಮಿ ದಾಟಿದವರು. ನಾನು ಒಂದು ರಸ್ತೆ ದಾಟಿದವಳು. ಅದನ್ನು ಹೇಗೆ ಹೇಳುದು?"

"ಈಗ ಹೇಳು."

ನಟಿಗೆ ಸರಾಗವಾಗಿ ಹೇಳಿದ್ದು ಇವರ ಮುಂದೆ ತಡವರಿಸಿತು. ಎಲ್ಲೆಲ್ಲಿಂದಲೋ ಶುರುಮಾಡಿದೆ. ಅತ್ತೆಯ ವಿಷಯ ಹೇಳಿದೆ, ಬಸ್ಸಿನ ವಿಷಯ ಹೇಳಿದೆ, ಯಾರೋ ಬಂದು 'ಅಲ್ಲಿ ಬಹಳ ಜನ ಸತ್ತಿದ್ದಾರಂತೆ' ಎಂದು ಹೇಳಿ ಹೋದ ದಿನ ಕೈಯಲ್ಲಿದ್ದ ಕೊಡವನ್ನು ಬಾವಿಗೆ ಬಿಟ್ಟದ್ದು ಹೇಳಿದೆ. ನಡುವೆ ಅವರು "ಆಗ ನಾನು ಬಸ್ರಾದ ದಾರಿಯಲ್ಲಿ…" ಎಂದು ತಮ್ಮದನ್ನು ಎತ್ತಿದರು. ನಾನು ರೇಗಿದೆ. ಅದನ್ನು ಇಡೀ ಪುತ್ತೂರು ಕೇಳಿಯಾಗಿದೆ ಎಂದೆ. ಅವರು ಬಾಯಿ ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮರೆತು ಬಾಯಿ ಹಾಕಿದರು, ಮತ್ತೆ ನಿಲ್ಲಿಸಿದರು. ಚಾ ಆರಿತ್ತು, ಇಬ್ಬರೂ ಮುಟ್ಟಲಿಲ್ಲ.

ಹೇಳಿ ಮುಗಿದ ಮೇಲೆ ಮನಸ್ಸು ಹಗುರಾಯಿತೆಂದು ಬರೆಯಬಹುದಿತ್ತು. ಹಾಗಾಗಲಿಲ್ಲ. ಇನ್ನೂ ಏನೋ ಬಿಟ್ಟುಹೋಯಿತೆಂದು ತಳಮಳವಾಗುತ್ತಿತ್ತು, ಹೇಳಿದ್ದರಲ್ಲೂ ಅರ್ಧ ತಪ್ಪು ಹೇಳಿದೆನೇನೋ ಅನಿಸುತ್ತಿತ್ತು. ಅವರು ಎದ್ದು ಚಪ್ಪಲಿ ಹಾಕಿಕೊಂಡರು.

"ಎಲ್ಲಿಗೆ?"

"ಮೀನಿಗೆ. ನೀನೂ ಬಾ. ಸ್ಕೂಟರ್ ಬೇಡ, ನಡೆದೇ ಹೋಗುವ."

ಹೊರಟೆವು. ಬಿಸಿಲು ಆಗಲೇ ಚುರುಕಾಗಿತ್ತು. ಇಳಿಜಾರಿನಲ್ಲಿ ಅವರು ನನಗಿಂತ ಹಿಂದೆ ಬಿದ್ದರು, ಅಲ್ಲಿಂದಲೇ ಆ ದಿನಗಳ ಬಗ್ಗೆ ಒಂದು ಪ್ರಶ್ನೆ ಕೇಳಿದರು. ನಾನು ತಿರುಗದೆ ಉತ್ತರ ಕೊಟ್ಟೆ. ಇನ್ನೊಂದು ಕೇಳಿದರು. ಮಾರ್ಕೆಟ್ಟಿನಲ್ಲಿ ಬಂಗುಡೆ ಬಂದಿರಲಿಲ್ಲ. ಬೂತಾಯಿ ತೆಗೆದುಕೊಂಡು ಮನೆಗೆ ಬಂದೆವು.